‘ಫಾರ್ಮ್ಯಾಟ್ ಮಾಡಿಸಿಬಿಡಲಾ?’ ಮತ್ತದೇ ಪ್ರಶ್ನೆ, ಇನ್ನೊಮ್ಮೆ ಉತ್ತರ

ಪ್ರಶ್ನೆ: ಮನೆಯ ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ. ಸಿ ಡ್ರೈವ್ ಕೆಂಪಗೆ ತೋರಿಸುತ್ತಿದೆ. ಕೆಲಸದ ಮಧ್ಯೆ ಒಮ್ಮೊಮ್ಮೆ ಹಾಗೇ ನಿಂತುಬಿಡುತ್ತದೆ. ಒಂದು ಸಲ ಫಾರ್ಮ್ಯಾಟ್ ಮಾಡಿಸಿದರೆ ಎಲ್ಲ ಸರಿಹೋಗುತ್ತದಾ?

ಕೇಳಿರುವ ಪ್ರಶ್ನೆ ಒಂದು, ಹೇಳಿರುವ ಕಾಯಿಲೆ ಮೂರು: ನಿಧಾನ, ಕೆಂಪು, ಹ್ಯಾಂಗ್. ಮೂರಕ್ಕೂ ಕಾರಣ ಒಂದೇ ಇರಬೇಕೆಂದಿಲ್ಲ, ಮದ್ದು ಮಾತ್ರ ಒಂದೇ ಎಂದು ಮೊದಲೇ ತೀರ್ಮಾನ ಆಗಿಬಿಟ್ಟಿದೆ. ಕೆಂಪು ಪಟ್ಟಿಯ ವಿಷಯ ಸುಲಭದ್ದು, ಆಮೇಲೆ ನೋಡೋಣ. ಮೊದಲು ಈ ಫಾರ್ಮ್ಯಾಟ್ ಎಂಬ ಸರ್ವರೋಗ ನಿವಾರಣಿಯ ಕಥೆ ಮುಗಿಸಬೇಕು. ಎಷ್ಟು ಸಲ ಹೇಳಿದರೂ ಮತ್ತೆ ಎದ್ದು ಬರುತ್ತದೆ.

ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ‘ಫಾರ್ಮ್ಯಾಟ್’ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದಲ್ಲ, ಅಷ್ಟರಲ್ಲಿ 1 ಟಿಬಿ ಡಿಸ್ಕನ್ನು ತೊಳೆದು ಒರೆಸಲು ಯಾರಿಂದಲೂ ಆಗದು. ಅದು ಕ್ವಿಕ್ ಫಾರ್ಮ್ಯಾಟ್. ಯಾವ ಫೈಲು ಎಲ್ಲಿದೆ ಎಂದು ಬರೆದಿಟ್ಟ ಪಟ್ಟಿಯನ್ನು ಬಿಸಾಡಿ, ಆ ಜಾಗದಲ್ಲಿ ಖಾಲಿ ಪಟ್ಟಿ ಇಡುತ್ತದೆ, ಅಷ್ಟೆ. ಡಿಸ್ಕಿನ ಒಂದೊಂದು ಸೆಕ್ಟರನ್ನೂ, ಅಂದರೆ ಡೇಟಾ ಕೂರುವ ಒಂದೊಂದು ಪುಟ್ಟ ಮನೆಯನ್ನೂ, ಮುಟ್ಟುವುದು ಫುಲ್ ಫಾರ್ಮ್ಯಾಟ್. ವಿಸ್ತಾದಿಂದ ಈಚಿನ ವಿಂಡೋಸ್‌ಗಳಲ್ಲಿ ಅದು ಉದ್ದಕ್ಕೂ ಸೊನ್ನೆ ಬರೆಯುತ್ತ ಹೋಗುತ್ತದೆ, 1 ಟಿಬಿ ಹಾರ್ಡ್ ಡಿಸ್ಕಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ‘ಫಾರ್ಮ್ಯಾಟ್ ಮಾಡಿಸಿದೆ’ ಎನ್ನುವವರಲ್ಲಿ ಹೆಚ್ಚಿನವರ ಡಿಸ್ಕಿಗೆ ಆ ಭಾಗ್ಯ ಸಿಕ್ಕಿರುವುದಿಲ್ಲ.

ಸಿಕ್ಕಿದ್ದರೂ ಏನು? ಫಾರ್ಮ್ಯಾಟಿನಿಂದ ಸಿಪಿಯು ಮೇಲಿನ ಒಣಗಿದ, ಬಿಸಿ ಸಾಗಿಸುವ ಪೇಸ್ಟ್ ಹಸಿಯಾಗುವುದಿಲ್ಲ. ಫ್ಯಾನಿಗೆ ಮೆತ್ತಿದ ಧೂಳು ಉದುರುವುದಿಲ್ಲ. ಡಿಸ್ಕಿಗೆ ಹೋಗುವ ಸಡಿಲವಾದ ಸಾಟಾ ಕೇಬಲ್ ಬಿಗಿಯಾಗುವುದಿಲ್ಲ, ಪವರ್ ಸಪ್ಲೈ ಒಳಗೆ ಉಬ್ಬಿದ ಕೆಪಾಸಿಟರ್ ಇಳಿಯುವುದಿಲ್ಲ. ಕೆಟ್ಟಿದ್ದು ಹಾರ್ಡ್‌ವೇರ್, ಅಳಿಸಿದ್ದು ನಿಮ್ಮ ಫೈಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

‘ಆದರೆ ಹೋದ ಸಲ ಸರಿಹೋಗಿತ್ತಲ್ಲ!’ ಗೊತ್ತು, ಈ ಮಾತು ಬಂದೇ ಬರುತ್ತದೆ. ಸರಿಹೋಗಿತ್ತು, ನಿಜ. ಯಾಕೆ ಎಂದು ನೋಡಿ. ಕಂಪ್ಯೂಟರ್ ಆನ್ ಆದಾಗಲೆಲ್ಲ ತಾವಾಗಿಯೇ ಎದ್ದು ಕೂರುತ್ತಿದ್ದ ಹದಿನೈದು ಇಪ್ಪತ್ತು ಪ್ರೋಗ್ರಾಮುಗಳು ಒಟ್ಟಿಗೆ ಹೋದವು. ಅದನ್ನು ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪುಟದಲ್ಲಿ ಎರಡು ನಿಮಿಷದಲ್ಲಿ ನೀವೇ ಮಾಡಬಹುದಿತ್ತು. ತುಂಬಿದ್ದ ಸಿ ಡ್ರೈವ್ ಖಾಲಿಯಾಯಿತು. ಮುಖ್ಯವಾದದ್ದು ಮುಂದಿನದು: ಹಾಳಾದ ಸೆಕ್ಟರಿನ ಮೇಲೆ ಕೂತಿದ್ದ ವಿಂಡೋಸ್ ಫೈಲು ಈ ಸಲ ಡಿಸ್ಕಿನ ಬೇರೆ ಜಾಗದಲ್ಲಿ ಕೂತಿತು. ಸೆಕ್ಟರ್ ವಾಸಿಯಾಗಲಿಲ್ಲ, ಸದ್ಯಕ್ಕೆ ಅದನ್ನು ಯಾರೂ ತುಳಿಯುತ್ತಿಲ್ಲ. ಡಿಸ್ಕು ಮತ್ತೆ ತುಂಬುತ್ತ ಬಂದಾಗ ಆ ಜಾಗಕ್ಕೆ ನಿಮ್ಮ ಯಾವುದೋ ಫೋಟೊ ಹೋಗಿ ಕೂರಬಹುದು, ಹ್ಯಾಂಗ್ ಮರಳಿ ಬರಬಹುದು. ಇದರ ಜೊತೆಗೆ, ಫಾರ್ಮ್ಯಾಟ್ ಮಾಡಿದವರು ಡಬ್ಬಿ ಬಿಚ್ಚಿ ಧೂಳು ಊದಿರುತ್ತಾರೆ, ರ‍್ಯಾಮ್ ತೆಗೆದು ಹಾಕಿರುತ್ತಾರೆ, ಕೇಬಲ್ ಒತ್ತಿ ಕೂರಿಸಿರುತ್ತಾರೆ. ಎಷ್ಟೋ ಸಲ ಗುಣ ಕಂಡದ್ದು ಅದರಿಂದ. ಹೊಗಳಿಕೆ ಮಾತ್ರ ಫಾರ್ಮ್ಯಾಟಿಗೆ.

ಇನ್ನೂ ವಿಚಿತ್ರವಾದ ಉದಾಹರಣೆ ಬೇಕೇ? ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎಂದು ಬರುತ್ತದೆ, ವೈರಸ್ ಇರಬೇಕು ಎಂದು ಫಾರ್ಮ್ಯಾಟ್ ಮಾಡಿಸುತ್ತಾರೆ. ಪರದೆಯ ಮೂಲೆಯ ತಾರೀಖು ನೋಡಿದ್ದರೆ ಹಲವು ವರ್ಷ ಹಿಂದಿನದು ಕಾಣುತ್ತಿತ್ತು. ತಾರೀಖು ತಪ್ಪಾದರೆ ವೆಬ್‌ಸೈಟಿನ ಗುರುತಿನ ಚೀಟಿಯಂಥ ಸರ್ಟಿಫಿಕೇಟ್ ಅವಧಿಗೆ ತಾಳೆಯಾಗುವುದಿಲ್ಲ, ಬ್ರೌಸರ್ ಬಾಗಿಲು ಹಾಕುತ್ತದೆ. ಕಾರಣ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ, ಕಂಪ್ಯೂಟರ್ ಆರಿಸಿದ್ದಾಗಲೂ ಗಡಿಯಾರ ನಡೆಸುವ ಬ್ಯಾಟರಿ, ಸಿಆರ್2032. ಹೊಸತರಲ್ಲಿ 3 ವೋಲ್ಟ್ ಇರುತ್ತದೆ. ಮೀಟರಿನಲ್ಲಿ 2.8ಕ್ಕಿಂತ ಕೆಳಗೆ ಕಂಡರೆ ಬದಲಿಸಿ. ಒಂದು ಎಚ್ಚರಿಕೆ: ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗ ಹಾಕಿದ್ದರೆ ಬ್ಯಾಟರಿ ತೆಗೆಯುವ ಮುಂಚೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯೋಸ್, ಅಂದರೆ ವಿಂಡೋಸಿಗಿಂತ ಮೊದಲು ಏಳುವ ಪ್ರೋಗ್ರಾಮಿನ, ಸೆಟ್ಟಿಂಗ್ ಅಳಿಸಿಹೋದರೆ ಅದು ಕೀ ಕೇಳಬಹುದು, ಆಗ ನಿಮ್ಮ ಮನೆಗೆ ನೀವೇ ಹೊರಗಿನವರು.

ಹಾಗಾದರೆ ನೋಡಬೇಕಾದದ್ದು ಏನು? ಮುಂದಿನ ಸಲ ನಿಂತಾಗ ಸಿಟ್ಟಿನಲ್ಲಿ ಪವರ್ ಬಟನ್ ಒತ್ತುವ ಮುಂಚೆ ಮೌಸ್ ಅಲ್ಲಾಡಿಸಿ, ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ನೋಡಿ. ಬಾಣ ಓಡಾಡುತ್ತದೆ, ಕ್ಲಿಕ್ ಮಾಡಿದ್ದು ಮಾತ್ರ ತೆರೆಯುತ್ತಿಲ್ಲ, ಡಿಸ್ಕಿನ ದೀಪ ಒಂದೇ ಸಮನೆ ಉರಿಯುತ್ತಿದೆ ಎಂದರೆ ಅನುಮಾನ ಡಿಸ್ಕಿನ ಮೇಲೆ. ಓದಲಾಗದ ಸೆಕ್ಟರ್ ಸಿಕ್ಕಾಗ ಡಿಸ್ಕು ಅಲ್ಲೇ ಮತ್ತೆ ಮತ್ತೆ ಯತ್ನಿಸುತ್ತದೆ, ಅಷ್ಟು ಹೊತ್ತೂ ವಿಂಡೋಸ್ ಕಾಯುತ್ತ ಕೂರುತ್ತದೆ. ಬಾಣವೂ ಕಲ್ಲಾಗಿ, ಕ್ಯಾಪ್ಸ್ ಲಾಕ್ ದೀಪವೂ ಬದಲಾಗದಿದ್ದರೆ ರ‍್ಯಾಮ್, ಬಿಸಿ, ಪವರ್, ಇವುಗಳ ಕಡೆ ತಿರುಗಿ.

ಡಿಸ್ಕನ್ನು ಪರೀಕ್ಷಿಸಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಪ್ರೋಗ್ರಾಮ್ ಸಾಕು. ಮೇಲಿನ ನೀಲಿ ‘ಗುಡ್’ ನೋಡಿ ಮುಚ್ಚಿಬಿಡಬೇಡಿ. ಹಾರ್ಡ್ ಡಿಸ್ಕ್ ಆದರೆ ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6, ಸಿ7 ಎಂಬ ಸಾಲುಗಳ ಕೊನೆಯ ಅಂಕಿ ನೋಡಿ. 05 ಎಂದರೆ ಡಿಸ್ಕು ಈಗಾಗಲೇ ಕೈಬಿಟ್ಟು, ಮೀಸಲು ಜಾಗದಿಂದ ಬದಲಿ ಕೊಟ್ಟ ಸೆಕ್ಟರುಗಳು. ಸಿ5 ಎಂದರೆ ಓದಲಾಗದೆ ತೀರ್ಪಿಗೆ ಕಾಯುತ್ತಿರುವವು. ಸಿ6 ಎಂದರೆ ಕೊನೆಗೂ ಓದಲಾಗದವು. ಈ ಅಂಕಿಗಳು ಮೊದಲಿಗೆ ಹದಿನಾರರ ಲೆಕ್ಕದಲ್ಲಿರುತ್ತವೆ, 10 ಎಂದು ಕಂಡರೆ ಅದು ಹದಿನಾರು. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಉಳಿದ ಕೆಲಸವೆಲ್ಲ ಬಿಟ್ಟು ಮೊದಲು ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಚೆಕ್‌ಡಿಸ್ಕ್ ಎಂಬ ವಿಂಡೋಸಿನ ಡಿಸ್ಕ್ ಪರೀಕ್ಷೆ ಓಡಿಸುವುದಿದ್ದರೆ ಅದು ಆಮೇಲೆ. ಕೆಟ್ಟ ಸೆಕ್ಟರ್ ಹುಡುಕುವ ಚೆಕ್‌ಡಿಸ್ಕ್ ಇಡೀ ಡಿಸ್ಕನ್ನು ಗಂಟೆಗಟ್ಟಲೆ ಓದಿಸುತ್ತದೆ, ಏದುಸಿರು ಬಿಡುತ್ತಿರುವವನನ್ನು ಬೆಟ್ಟ ಹತ್ತಿಸಿದಂತೆ. ಟಿಕ್ ಟಿಕ್ ಸದ್ದು ಬರುತ್ತಿದ್ದರಂತೂ ಏನನ್ನೂ ಓಡಿಸದೆ ಆಫ್ ಮಾಡಿ. ಒಳಗಿನ ಫೈಲು ಬೇಕೇ ಬೇಕು ಎಂದರೆ ಡೇಟಾ ರಿಕವರಿ ಬಲ್ಲವರ ಕೈಗೆ ಕೊಡಿ.

ಸಿ7 ಬೇರೆ ಜಾತಿ. ಅದು ಡಿಸ್ಕಿನದಲ್ಲ, ಬಹುತೇಕ ಕೇಬಲಿನ ದೂರು. ಸಾಟಾ ಕೇಬಲ್ ಬದಲಿಸಿ. ಅಂಕಿ ಇಳಿಯಲಿಲ್ಲ ಎಂದು ಗಾಬರಿ ಬೇಡ, ಅದು ಹುಟ್ಟಿದಾಗಿನಿಂದಿನ ಲೆಕ್ಕ, ಇಳಿಯುವುದೇ ಇಲ್ಲ. ಮುಂದೆ ಏರದಿದ್ದರೆ ಕೆಲಸ ಆಯಿತು. ಎಷ್ಟೋ ಒಳ್ಳೆಯ ಡಿಸ್ಕುಗಳು ಒಂದು ಮೊಳ ಕೇಬಲಿನ ತಪ್ಪಿಗೆ ಗುಜರಿ ಸೇರಿವೆ.

ಇದೆಲ್ಲ ಸರಿಯಿದ್ದು ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕು 100% ಎಂದು ಗಂಟೆಗಟ್ಟಲೆ ನಿಂತಿದ್ದರೆ, ವೇಗ ಸೆಕೆಂಡಿಗೆ 2–3 ಎಂಬಿ ಮಾತ್ರ ಇದ್ದರೆ, ಅದು ಬಹುಶಃ ಕೆಟ್ಟ ಡಿಸ್ಕಲ್ಲ, ಬರೀ ಹಾರ್ಡ್ ಡಿಸ್ಕ್. ತಿರುಗುವ ತಟ್ಟೆಯ ಮೇಲೆ ಚೆಲ್ಲಾಪಿಲ್ಲಿಯಾದ ಸಣ್ಣ ಸಣ್ಣ ಫೈಲುಗಳನ್ನು ಹೆಕ್ಕಲು ಸೂಜಿ ಓಡಾಡಬೇಕು, ಈಗಿನ ವಿಂಡೋಸಿಗೆ ಅದು ಸಾಲದು. ವಿಂಡೋಸನ್ನು ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಸಾಗಿಸುವುದು ಇದಕ್ಕೆ ಪರಿಹಾರ. ಹತ್ತು ಫಾರ್ಮ್ಯಾಟ್ ಕೊಡದ ವೇಗವನ್ನು ಇದೊಂದು ಬದಲಾವಣೆ ಕೊಡುತ್ತದೆ.

ರ‍್ಯಾಮ್ ಅನುಮಾನವಿದ್ದರೆ, ಅಂದರೆ ನೀಲಿ ಪರದೆ ಬಂದಾಗಲೆಲ್ಲ ಬೇರೆ ಬೇರೆ ಕಾರಣ ಹೇಳುತ್ತಿದ್ದರೆ, ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ. ಅದು ಪಾಸ್ ಎಂದರೂ ನಂಬಿ ಕೂರಬೇಡಿ, ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಲಿ. ಎರಡು ಸ್ಟಿಕ್ ಇದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ, ಒಂದೊಂದೇ ಹಾಕಿ ನೋಡಿ. ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಪದ್ಧತಿ ಕೆಲಸ ಮಾಡುತ್ತದೆ, ಆದರೆ ರಬ್ಬರಿನ ಪುಡಿ ಸ್ಲಾಟಿಗೆ ಹೋಗಿ ಹೊಸ ತಲೆನೋವು ತರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆ ಮೇಲು.

ಆನ್ ಮಾಡಿ ಅರ್ಧ ಗಂಟೆಗೆ, ಅಥವಾ ವಿಡಿಯೊ ಎಡಿಟಿಂಗ್, ಗೇಮಿನಂಥ ಭಾರಿ ಕೆಲಸ ಕೊಟ್ಟಾಗ ಮಾತ್ರ ಬಳಲುವುದಾದರೆ ಬಿಸಿ ನೋಡಿ. ಎಷ್ಟೋ ಇಂಟೆಲ್ ಸಿಪಿಯುಗಳು ಸುಮಾರು 100 ಡಿಗ್ರಿ ಮುಟ್ಟಿದರೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಧೂಳು ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ನೀಲಿ ಪರದೆಯೂ ಇಲ್ಲದೆ ಫಕ್ಕನೆ ಆರಿಹೋಗುವುದಾದರೆ ಪವರ್ ಸಪ್ಲೈ ಮೊದಲ ಆರೋಪಿ. ವಿಂಡೋಸಿನ ದಿನಚರಿಯಾದ ಈವೆಂಟ್ ವ್ಯೂವರಿನಲ್ಲಿ ‘ಕರ್ನಲ್ ಪವರ್ 41’ ಕಂಡರೆ ಪವರ್ ಸಪ್ಲೈ ಕೆಟ್ಟಿದೆ ಎಂದೇ ಅರ್ಥವಲ್ಲ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದು ಹೇಳುವುದು, ನೀವೇ ಬಟನ್ ಒತ್ತಿ ಆರಿಸಿದರೂ ಬರುತ್ತದೆ. ಅಲ್ಲೇ ‘ಡಿಸ್ಕ್ 7’ ಕಂಡರೆ ಅದು ಕೆಟ್ಟ ಬ್ಲಾಕ್, ತಿರುಗಿ ಸಿ5ರ ಹತ್ತಿರ ಹೋಗಿ.

ಈಗ ಕೆಂಪು. ಖಾಲಿ ಜಾಗ 10%ಗಿಂತ ಕಡಿಮೆಯಾದರೆ ಪಟ್ಟಿ ಕೆಂಪಾಗುತ್ತದೆ. ಅದು ಕಾಯಿಲೆಯ ಸೂಚನೆಯಲ್ಲ, ಜಾಗದ ಲೆಕ್ಕ. ಹಾಗಂತ ಬಿಡುವಂತೆಯೂ ಇಲ್ಲ: ಅಪ್‌ಡೇಟಿಗೆ, ರ‍್ಯಾಮ್ ಸಾಲದಾಗ ಬಳಸುವ ಪೇಜ್ ಫೈಲಿಗೆ ಜಾಗ ಬೇಕು, ಎಸ್‌ಎಸ್‌ಡಿ ಆದರೆ ಒಳಗೊಳಗೇ ಬ್ಲಾಕುಗಳನ್ನು ಖಾಲಿಮಾಡಿ ಜೋಡಿಸಿಕೊಳ್ಳಲೂ ಬೇಕು. 15–20% ಖಾಲಿ ಇಡಿ. ವಿಜ್‌ಟ್ರೀ ಅಥವಾ ವಿನ್‌ಡರ್‌ಸ್ಟ್ಯಾಟ್ ಓಡಿಸಿದರೆ ಜಾಗ ತಿಂದವರ ಹೆಸರು ನಿಮಿಷಗಳಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಡೌನ್‌ಲೋಡ್ಸ್ ಫೋಲ್ಡರ್, ಮರೆತುಹೋದ ಫೋನ್ ಬ್ಯಾಕಪ್, ಹೈಬರ್ನೇಶನ್ ಫೈಲು. ರ‍್ಯಾಮಿನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಆರಿಸಲು ಬಳಸುವ ಈ ಕೊನೆಯದು ರ‍್ಯಾಮಿನ ಸುಮಾರು 40% ಇರುತ್ತದೆ, 16 ಜಿಬಿ ರ‍್ಯಾಮ್ ಇದ್ದರೆ ಹೆಚ್ಚುಕಡಿಮೆ 6.4 ಜಿಬಿ. ಹೈಬರ್ನೇಟ್ ಬಳಸದವರು ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಿಂದ ಹೈಬರ್ನೇಶನ್ ಆಫ್ ಮಾಡಬಹುದು, ಜೊತೆಗೆ ಬೇಗ ಆನ್ ಆಗಿಸುವ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ ಎಂಬುದು ನೆನಪಿರಲಿ. ಡಿಸ್ಕ್ ಕ್ಲೀನಪ್ ತೆರೆದವರು ‘ಕ್ಲೀನಪ್ ಸಿಸ್ಟಮ್ ಫೈಲ್ಸ್’ ಒತ್ತದೆ ಹೊರಬರುತ್ತಾರೆ. ದೊಡ್ಡ ಗಂಟು ಇರುವುದೇ ಅಲ್ಲಿ, ಹಳೆಯ ಅಪ್‌ಡೇಟುಗಳು, ಹಿಂದಿನ ವಿಂಡೋಸ್ ಎಲ್ಲ. ಆ ಪಟ್ಟಿಯಲ್ಲಿ ಡೌನ್‌ಲೋಡ್ಸಿಗೂ ಒಂದು ಟಿಕ್ ಇರಬಹುದು, ಕಣ್ಣುಮುಚ್ಚಿ ಓಕೆ ಕೊಡಬೇಡಿ. ಇನ್ನು ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ದೊಡ್ಡದಾಗಿ ಕಂಡಿತೆಂದು ಅದರೊಳಗೆ ಕೈಹಾಕಿ ಅಳಿಸಬೇಡಿ. ಒಂದೇ ಫೈಲಿಗೆ ಎರಡು ಮೂರು ಕಡೆ ಹೆಸರಿರುವುದರಿಂದ ಅದು ಇರುವುದಕ್ಕಿಂತ ದಪ್ಪ ಕಾಣುತ್ತದೆ, ಅಳಿಸಿದರೆ ವಿಂಡೋಸೇ ಮಲಗುತ್ತದೆ.

ಫಾರ್ಮ್ಯಾಟ್ ಯಾವತ್ತೂ ಬೇಡವೇ? ವೈರಸ್ ಆಳಕ್ಕೆ ಇಳಿದಿದ್ದರೆ, ಸಿಸ್ಟಮ್ ಫೈಲು ರಿಪೇರಿ ಮಾಡುವ ಡಿಸ್ಮ್, ಎಸ್‌ಎಫ್‌ಸಿ ಎರಡೂ ಸೋತಿದ್ದರೆ, ಕಂಪ್ಯೂಟರನ್ನು ಬೇರೆಯವರಿಗೆ ಕೊಡುವುದಿದ್ದರೆ ಧಾರಾಳವಾಗಿ ಮಾಡಿ. ಆದರೆ ‘ಆಮೇಲೆ ರಿಕವರಿ ಮಾಡಿಸಿಕೊಂಡರಾಯ್ತು’ ಎಂಬ ಧೈರ್ಯ ಎಸ್‌ಎಸ್‌ಡಿಯ ಮುಂದೆ ನಡೆಯದು. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಆದರೂ ಹಳೆಯ ಫೈಲು ಅಲ್ಲೇ ಬಿದ್ದಿರುತ್ತದೆ. ಎಸ್‌ಎಸ್‌ಡಿಗೆ ಫಾರ್ಮ್ಯಾಟ್ ಜೊತೆಗೇ ‘ಈ ಜಾಗದಲ್ಲಿರುವುದು ಇನ್ನು ಬೇಡ’ ಎನ್ನುವ ಟ್ರಿಮ್ ಆದೇಶ ಹೋಗುತ್ತದೆ, ಡಿಸ್ಕು ತಾನೇ ಅಳಿಸಿ ಮುಗಿಸುತ್ತದೆ.

ಇಷ್ಟು ಹೇಳಿದ ಮೇಲೆ ಬರುವ ಸಮಾಧಾನದ ಮಾತೂ ಗೊತ್ತು: ‘ಪರವಾಗಿಲ್ಲ, ಎಲ್ಲ ಫೋಟೊ ಡಿ ಡ್ರೈವಿಗೆ ಬ್ಯಾಕಪ್ ಮಾಡಿದ್ದೇನೆ.’ ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಭಾಗದಲ್ಲಿ ‘ಡಿಸ್ಕ್ 0’ ಎಂದು ಶುರುವಾಗುವ ಒಂದೇ ಸಾಲಿನಲ್ಲಿ ಸಿ, ಡಿ ಎರಡೂ ಇದ್ದರೆ, ಅವು ಒಂದೇ ಕೋಣೆಗೆ ಎಳೆದ ಸೀಮೆಸುಣ್ಣದ ಗೆರೆಯ ಆಚೆ ಈಚೆ. ಮಾಡು ಸೋರಿದರೆ ಎರಡೂ ನೆನೆಯುತ್ತವೆ. ಅದೇ ಪರದೆಯಲ್ಲಿ ಇನ್ನೊಂದು ಗೊಂದಲಕ್ಕೂ ಉತ್ತರವಿದೆ: ಡಿಯಲ್ಲಿ ಖಾಲಿ ಇದ್ದರೂ ಸಿಗೆ ‘ಎಕ್ಸ್‌ಟೆಂಡ್’ ಯಾಕೆ ಮಂಕಾಗಿರುತ್ತದೆ ಎಂದರೆ, ಯಾರಿಗೂ ಸೇರದ ಜಾಗ ಸಿಯ ಬಲಕ್ಕೆ, ಅಂಟಿಕೊಂಡೇ ಇರಬೇಕು. ಡಿಯನ್ನು ಕುಗ್ಗಿಸಿದರೆ ಸಿಗುವ ಜಾಗ ಡಿಯ ಬಲಕ್ಕೆ ಬೀಳುತ್ತದೆ. ಎಷ್ಟೋ ಕಂಪ್ಯೂಟರುಗಳಲ್ಲಿ ಸಿಯ ಪಕ್ಕ ರಿಕವರಿ ಪಾರ್ಟಿಷನ್ ಬೇರೆ ಕೂತಿರುತ್ತದೆ.

ಬ್ಯಾಕಪ್ ಎಂದರೆ ಬೇರೆ ಡಿಸ್ಕು, ಕೆಲಸವಾದ ಮೇಲೆ ಕೇಬಲ್ ಕಿತ್ತು ಇಟ್ಟದ್ದು. ಕಾಪಿ ಮುಗಿಯಿತೆಂದು ಹಳೆಯದನ್ನು ಅಳಿಸುವ ಮುಂಚೆ ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ, ಬೇರೆ ಬೇರೆ ಫೋಲ್ಡರುಗಳಿಂದ ನಾಲ್ಕಾರು ಫೋಟೊ, ಒಂದೆರಡು ವಿಡಿಯೊ ತೆರೆದು ನೋಡಿ. ಸಣ್ಣ ಚಿತ್ರ ಕಂಡರೆ ಸಾಲದು, ವಿಡಿಯೊ ಕೊನೆಯವರೆಗೂ ಓಡಬೇಕು.