ಅಲ್ಪಮತದ ಸರ್ಕಾರ ಯಾಕೆ ತಕ್ಷಣ ಬೀಳುವುದಿಲ್ಲ?

ಚುನಾವಣೆಯಲ್ಲಿ ಯಾರಿಗೂ ಬಹುಮತ ಬರದಿದ್ದರೆ ಎಲ್ಲರ ಕಣ್ಣೂ ಒಂದೇ ಸಂಖ್ಯೆಯ ಮೇಲೆ ಇರುತ್ತದೆ: ಸದನದ ಅರ್ಧಕ್ಕಿಂತ ಒಂದು ಜಾಸ್ತಿ. ಅಷ್ಟು ಸೀಟು ಯಾರ ಹತ್ತಿರವೂ ಇಲ್ಲ ಎಂದಮೇಲೆ ಸರ್ಕಾರ ನಡೆಯುವುದಾದರೂ ಹೇಗೆ? ಶಾಸನಸಭೆಯ ನಡಾವಳಿ ಹೇಳಿಕೊಡುವುದು ನನ್ನ ಕೆಲಸ. ಹೊಸದಾಗಿ ಗೆದ್ದು ಬಂದವರೂ ಅವರ ಸಿಬ್ಬಂದಿಯೂ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದೇ. ನಾನು ಅವರಿಗೆ ಹೇಳುವುದಿಷ್ಟು. ಸರ್ಕಾರದ ಪರ ಎಷ್ಟು ಜನ ಇದ್ದಾರೆ ಎನ್ನುವ ಲೆಕ್ಕ ಆಮೇಲೆ ಇರಲಿ. ಅದನ್ನು ಬೀಳಿಸಲು ಒಟ್ಟಿಗೆ ಕೈ ಎತ್ತುವವರು ಎಷ್ಟು ಜನ, ಅದನ್ನು ಮೊದಲು ನೋಡಿ.

ಸ್ವೀಡನ್‌ನಲ್ಲಿ ಈ ಲೆಕ್ಕ ನಿಯಮದಲ್ಲೇ ಇದೆ. ಅಲ್ಲಿನ ಸಂಸತ್ತಿನಲ್ಲಿ 349 ಸದಸ್ಯರು. ಪ್ರಧಾನಿಯಾಗಲು 175 ಜನರ ಬೆಂಬಲ ಬೇಕಿಲ್ಲ. 175 ಜನ ವಿರುದ್ಧ ಮತ ಹಾಕದಿದ್ದರೆ ಸಾಕು. 2021ರ ನವೆಂಬರ್ 24ರಂದು ಮಗ್ಡಲೇನಾ ಆಂಡರ್ಸನ್ ಅವರ ಹೆಸರು ಮತಕ್ಕೆ ಬಂತು. ಪರ 117, ವಿರುದ್ಧ 174. ಉಳಿದವರಲ್ಲಿ 57 ಜನ ತಟಸ್ಥರಾಗಿದ್ದರು. ಸುಮ್ನೆ ನೋಡಿದರೆ ಹೀನಾಯ ಸೋಲು ಅನ್ನಿಸುತ್ತದೆ, ಅಲ್ವಾ? ಆದರೆ ಒಂದು ಮತದ ಅಂತರದಲ್ಲಿ ಅವರು ಗೆದ್ದರು.

ಅದೇ ದಿನ ಅವರ ಬಜೆಟ್ ಬಿತ್ತು. ವಿರೋಧ ಪಕ್ಷಗಳು ತಂದ ಬಜೆಟ್ ಪಾಸಾಯಿತು. ಜೊತೆಗಿದ್ದ ಗ್ರೀನ್ ಪಕ್ಷ, ಆ ಬಜೆಟ್ ಇಟ್ಟುಕೊಂಡು ಸರ್ಕಾರ ನಡೆಸಲು ನಾವಿಲ್ಲ ಎಂದು ಹೊರನಡೆಯಿತು. ಆಂಡರ್ಸನ್ ಕೆಲವೇ ಗಂಟೆಗಳಲ್ಲಿ ರಾಜೀನಾಮೆ ಕೊಟ್ಟರು. ಐದು ದಿನ ಬಿಟ್ಟು ಮತ್ತೆ ಮತದಾನ ನಡೆಯಿತು. ಈ ಸಲ ಪರ 101, ತಟಸ್ಥರು 75, ವಿರುದ್ಧ 173. ಬೆಂಬಲ ಇನ್ನೂ ಇಳಿದಿತ್ತು, ಆದರೂ ಅವರು ಪ್ರಧಾನಿಯಾದರು. ಮುಂದಿನ ವರ್ಷದ ಚುನಾವಣೆಯವರೆಗೆ ಸರ್ಕಾರವನ್ನೂ ನಡೆಸಿದರು, ಅದೂ ವಿರೋಧಿಗಳು ಬರೆದ ಬಜೆಟ್ ಇಟ್ಟುಕೊಂಡು.

ತಟಸ್ಥರಾಗುವುದನ್ನು ಜನ ಹೇಡಿತನ ಎಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಲ್ಪಮತದ ಸರ್ಕಾರದಲ್ಲಿ ತಟಸ್ಥ ಮತಕ್ಕೆ ಬಹಳ ಬೆಲೆ ಇದೆ. ಒಂದು ಪಕ್ಷಕ್ಕೆ ಈ ಸರ್ಕಾರವೂ ಇಷ್ಟವಿಲ್ಲ, ಇದು ಬಿದ್ದರೆ ಬರುವ ಸರ್ಕಾರ ಅದಕ್ಕಿಂತಲೂ ಇಷ್ಟವಿಲ್ಲ ಎಂದಿಟ್ಟುಕೊಳ್ಳಿ. ತನ್ನ ಮತದಾರರಿಗೆ ಇದನ್ನು ಪ್ರಾಮಾಣಿಕವಾಗಿ ತೋರಿಸಲು ಅದಕ್ಕಿರುವ ದಾರಿ ತಟಸ್ಥ ಮತವೇ.

ಎಲ್ಲ ಕಡೆ ಸ್ವೀಡನ್ ನಿಯಮ ಇಲ್ಲ. ಬೇರೆ ದೇಶಗಳಲ್ಲಿ ಸರ್ಕಾರಗಳು ಹೊರಗಿನ ಬೆಂಬಲವನ್ನು ಮೊದಲೇ ಮಾತಾಡಿಕೊಳ್ಳುತ್ತವೆ. ನ್ಯೂಜಿಲೆಂಡ್‌ನಲ್ಲಿ ಇದು ರೂಢಿಯೇ ಆಗಿದೆ. ಸಣ್ಣ ಪಕ್ಷ ವಿಶ್ವಾಸಮತದಲ್ಲೂ ಬಜೆಟ್‌ನಲ್ಲೂ ಸರ್ಕಾರದ ಜೊತೆ ನಿಲ್ಲುತ್ತದೆ. ಉಳಿದ ಮಸೂದೆಗಳಲ್ಲಿ ಅದರ ದಾರಿ ಅದಕ್ಕೆ. ಏನೇನಕ್ಕೆ ಬೆಂಬಲ, ಬದಲಿಗೆ ಏನು ಸಿಗುತ್ತದೆ ಎನ್ನುವುದನ್ನು ಬರೆದು ಸಹಿ ಹಾಕಿ ಜನರ ಮುಂದಿಡುತ್ತಾರೆ. ಬಾಯಿಮಾತಿನ ಬೆಂಬಲಕ್ಕಿಂತ ಇದು ಎಷ್ಟೋ ಮೇಲು. ಒಪ್ಪಂದ ಮುರಿದವರು ಯಾರು ಎಂದು ಮತದಾರರಿಗೆ ಗೊತ್ತಾಗುತ್ತದಲ್ಲ!

ಇಂಥ ಒಪ್ಪಂದ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕಾದರೆ ಬ್ರಿಟನ್ನಿನ ಎರಡು ದಿನ ಸಾಕು. 2017ರ ಚುನಾವಣೆಯಲ್ಲಿ ಥೆರೆಸಾ ಮೇ ಅವರ ಕನ್ಸರ್ವೇಟಿವ್ ಪಕ್ಷಕ್ಕೆ 650ರಲ್ಲಿ 317 ಸೀಟು ಬಂದವು. ಉತ್ತರ ಐರ್ಲೆಂಡ್‌ನ ಡಿಯುಪಿ ಪಕ್ಷದ 10 ಸದಸ್ಯರು ಬೆಂಬಲಕ್ಕೆ ಒಪ್ಪಿದರು. ಉತ್ತರ ಐರ್ಲೆಂಡ್‌ಗೆ ಹೆಚ್ಚುವರಿಯಾಗಿ 100 ಕೋಟಿ ಪೌಂಡ್ ಕೊಡುವ ಮಾತಾಯಿತು. 2019ರ ಜನವರಿ 15ರಂದು ಮೇ ಅವರ ಬ್ರೆಕ್ಸಿಟ್ ಒಪ್ಪಂದ 432-202 ಮತಗಳಿಂದ ಸೋತಿತು. ಡಿಯುಪಿಯೂ ವಿರುದ್ಧವೇ ಮತ ಹಾಕಿತು. ಮಾರನೇ ದಿನ ಅವಿಶ್ವಾಸ ನಿರ್ಣಯ ಬಂತು. ಅದೇ ಡಿಯುಪಿ, ಹಿಂದಿನ ದಿನ ತಿರುಗಿ ಬಿದ್ದಿದ್ದ ಸ್ವಂತ ಪಕ್ಷದವರು, ಎಲ್ಲರೂ ಸರ್ಕಾರದ ಕಡೆ ಬಂದರು. 325-306ರಲ್ಲಿ ಸರ್ಕಾರ ಉಳಿಯಿತು. ಆ 10 ಮತ ಆಚೆ ಹೋಗಿದ್ದರೆ ಲೆಕ್ಕ 315-316 ಆಗುತ್ತಿತ್ತು. ಸರ್ಕಾರದ ನೀತಿಯನ್ನು ಸೋಲಿಸುವುದು ಬೇರೆ, ಸರ್ಕಾರವನ್ನೇ ಸೋಲಿಸುವುದು ಬೇರೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದೊಂದು ಮತಕ್ಕೂ ಹೀಗೆ ತೂಕ ಬಂದಾಗ ವಿಪ್‌ಗಳಿಗೆ, ಅಂದರೆ ತಮ್ಮ ಪಕ್ಷದವರನ್ನು ಮತದಾನಕ್ಕೆ ಸೇರಿಸುವ ಹೊಣೆ ಹೊತ್ತವರಿಗೆ, ನಿದ್ದೆ ಇರುವುದಿಲ್ಲ. ಯಾರು ವಿದೇಶದಲ್ಲಿದ್ದಾರೆ, ಯಾರಿಗೆ ಹುಷಾರಿಲ್ಲ, ಎಲ್ಲ ನೋಡಬೇಕು. 1979ರ ಮಾರ್ಚ್ 28ರಂದು ಬ್ರಿಟನ್ನಿನಲ್ಲಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಅವರ ಸರ್ಕಾರ 311-310ರಲ್ಲಿ ಬಿತ್ತು. ಅವರ ಪಕ್ಷದ ಸದಸ್ಯರೊಬ್ಬರು ಸಾಯುವ ಸ್ಥಿತಿಯಲ್ಲಿದ್ದರು. ಅವರನ್ನು ಆಂಬುಲೆನ್ಸ್‌ನಲ್ಲಿ ಕರೆತರುವುದು ಬೇಡ ಎಂದು ತೀರ್ಮಾನವಾಗಿತ್ತು. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಲೋಕಸಭೆಯಲ್ಲಿ 269-270ರಲ್ಲಿ ಬಿದ್ದಿದ್ದು ಬಹಳ ಜನರಿಗೆ ನೆನಪಿದೆ.

ಅಲ್ಪಮತದ ಸರ್ಕಾರ ದೊಡ್ಡ ಕೆಲಸ ಮಾಡಲಾರದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೆನಡಾದಲ್ಲಿ ಲೆಸ್ಟರ್ ಪಿಯರ್ಸನ್ 1963ರಿಂದ 1968ರವರೆಗೆ ಒಮ್ಮೆಯೂ ಬಹುಮತ ಇಲ್ಲದೆ ಆಳಿದರು. ಆ ದೇಶದ ಪಿಂಚಣಿ ಯೋಜನೆ, ಸಾರ್ವಜನಿಕ ಆರೋಗ್ಯ ವಿಮೆಯ ಕಾನೂನು, ಈಗಿನ ಬಾವುಟ ಎಲ್ಲ ಆಗಿನವು. ಭಾರತದಲ್ಲಿ 1991ರ ಆರ್ಥಿಕ ಸುಧಾರಣೆ ಶುರು ಮಾಡಿದ ನರಸಿಂಹ ರಾವ್ ಸರ್ಕಾರಕ್ಕೂ ಆಗ ಬಹುಮತ ಇರಲಿಲ್ಲ.

ಆದರೆ ಅಪಾಯ ಇರುವುದೂ ಇಲ್ಲೇ. ಒಂದು ಮತದ ತೂಕ ಜಾಸ್ತಿಯಾದಂತೆ ಅದನ್ನು ಕೊಳ್ಳುವ ಆಸೆಯೂ ಜಾಸ್ತಿಯಾಗುತ್ತದೆ. 1993ರ ಜುಲೈನಲ್ಲಿ ಇದೇ ರಾವ್ ಸರ್ಕಾರದ ವಿರುದ್ಧದ ಅವಿಶ್ವಾಸ ನಿರ್ಣಯ 251-265ರಲ್ಲಿ ಸೋತಿತು. ಆಮೇಲೆ ಸಂಸದರಿಗೆ ಲಂಚ ಕೊಟ್ಟ ಆರೋಪದ ಪ್ರಕರಣ ಎದ್ದಿತು. ಲಂಚ ಪಡೆದು ಸದನದಲ್ಲಿ ಮತ ಹಾಕಿದವರಿಗೆ ಸಂಸದೀಯ ರಕ್ಷಣೆ ಇದೆ, ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ನನ್ನಂಥವರಿಗೆ ವರ್ಷಗಟ್ಟಲೆ ನುಂಗಲಾರದ ತುತ್ತಾಗಿತ್ತು. ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿದ್ದು 2024ರ ಮಾರ್ಚ್‌ನಲ್ಲಿ. ಬೆಂಬಲದ ಷರತ್ತು ಬಹಿರಂಗವಾಗಿರಬೇಕು ಎಂದು ನಾನು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ. ಒಂದು ಪ್ರದೇಶಕ್ಕೆ ಹಣ ಕೇಳುವುದನ್ನು ಜನ ತೂಗಿ ನೋಡಬಹುದು, ಬೇಡ ಎಂದು ಹೇಳಲೂಬಹುದು. ಗುಟ್ಟಾಗಿ ಕೈ ಬದಲಾದ ಹಣ ಅವರ ಕಣ್ಣಿಗೇ ಬೀಳುವುದಿಲ್ಲ.

ಇನ್ನು ಬಿದ್ದ ಮೇಲೆ ಏನಾಗುತ್ತದೆ ಎನ್ನುವುದೂ ಸರ್ಕಾರದ ಆಯಸ್ಸನ್ನು ತೀರ್ಮಾನಿಸುತ್ತದೆ. ಜರ್ಮನಿಯಲ್ಲಿ ಚಾನ್ಸಲರ್‌ರನ್ನು ಅವಿಶ್ವಾಸದಿಂದ ಇಳಿಸಬೇಕಾದರೆ, ಅದೇ ಮತದಾನದಲ್ಲಿ ಬಹುಮತದಿಂದ ಇನ್ನೊಬ್ಬರನ್ನು ಆರಿಸಬೇಕು. ಹೀಗೆ ಗೆದ್ದವರು 1982ರಲ್ಲಿ ಬಂದ ಹೆಲ್ಮುಟ್ ಕೋಲ್ ಒಬ್ಬರೇ. ಕೆನಡಾದಲ್ಲಿ ಹಾಗಿಲ್ಲ. 1979ರ ಡಿಸೆಂಬರ್‌ನಲ್ಲಿ ಜೋ ಕ್ಲಾರ್ಕ್ ಸರ್ಕಾರ ಬಜೆಟ್ ವಿಷಯದಲ್ಲಿ 139-133ರಲ್ಲಿ ಸೋತಿತು. ಎರಡು ತಿಂಗಳಲ್ಲಿ ಚುನಾವಣೆ ಮುಗಿದು ಅವರ ಅಧಿಕಾರವೂ ಹೋಯಿತು.

ನಾರ್ವೆ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಸಂಸತ್ತನ್ನು ಅವಧಿಗೆ ಮುಂಚೆ ವಿಸರ್ಜಿಸುವಂತೆಯೇ ಇಲ್ಲ. ನಾಲ್ಕು ವರ್ಷ ಅದೇ ಸದಸ್ಯರು, ಅದೇ ಸಂಖ್ಯೆ. ಚುನಾವಣೆಗೆ ಹೋಗುತ್ತೇವೆ ಎಂದು ಸರ್ಕಾರವೂ ಹೆದರಿಸಲಾಗದು, ವಿರೋಧ ಪಕ್ಷವೂ ಹೆದರಿಸಲಾಗದು. 2025ರ ಜನವರಿಯಲ್ಲಿ ಸೆಂಟರ್ ಪಕ್ಷ ಸರ್ಕಾರದಿಂದ ಹೊರಬಂದಾಗ ಪ್ರಧಾನಿ ಯೋನಾಸ್ ಗಾರ್ ಸ್ಟೋರೆ ತಮ್ಮ ಲೇಬರ್ ಪಕ್ಷವೊಂದನ್ನೇ ಇಟ್ಟುಕೊಂಡು ಮುಂದುವರಿದರು. ಚುನಾವಣೆ ನಿಗದಿಯಂತೆ ಸೆಪ್ಟೆಂಬರ್‌ನಲ್ಲೇ ನಡೆಯಿತು.