ಕಾದಂಬರಿಯ ದೇವರಿಗೆ ಎಷ್ಟು ಮಾತು ಬೇಕು?

ಬೆಂಗಳೂರಿನಲ್ಲಿ ದೈವಶಾಸ್ತ್ರ ಕಲಿಸುವ ನನ್ನ ಬಳಿಗೆ ದೇವರನ್ನು ಪಾತ್ರವಾಗಿಸಿದ ಕಥೆ ಕಾದಂಬರಿಗಳ ಹಸ್ತಪ್ರತಿ ವರ್ಷಕ್ಕೆ ಮೂರೋ ನಾಲ್ಕೋ ಬರುತ್ತವೆ. ಬರೆದವರು ಚರ್ಚಿನ ಸಭೆಯವರೇ: ನಿವೃತ್ತ ಮೇಷ್ಟ್ರು, ನರ್ಸು, ಸಂಡೇ ಸ್ಕೂಲ್ ಟೀಚರ್. "ಅಯ್ಯನವರೇ, ಇದರಲ್ಲಿ ದುರ್ಬೋಧನೆ ಏನಾದರೂ ಸೇರಿಕೊಂಡಿದೆಯಾ, ನೋಡಿಕೊಡಿ" ಎನ್ನುತ್ತಾರೆ. ಆ ಅಂಜಿಕೆಯನ್ನು ನಾನು ಗೌರವಿಸುತ್ತೇನೆ. ದೇವರ ಬಾಯಿಗೆ ಮಾತು ಕೊಡುವುದು ಸಣ್ಣ ಕೆಲಸವಲ್ಲ.

'ದಿ ಶ್ಯಾಕ್' ಓದಿದವರಲ್ಲಿ ಈ ಅಂಜಿಕೆ ಇನ್ನೂ ಹೆಚ್ಚು. 2007ರ ಈ ಇಂಗ್ಲಿಷ್ ಕಾದಂಬರಿಯಲ್ಲಿ, ಮಗಳ ಕೊಲೆಯಿಂದ ಜರ್ಝರಿತನಾದ ಒಬ್ಬ ಅಪ್ಪನಿಗೆ ತಂದೆಯಾದ ದೇವರು ಕಪ್ಪು ಜನಾಂಗದ ಹೆಂಗಸಾಗಿ, ಅಡುಗೆ ಮಾಡುತ್ತ ಎದುರಾಗುತ್ತಾರೆ. ಪವಿತ್ರಾತ್ಮರಿಗೆ ಏಷ್ಯಾದ ಸ್ತ್ರೀಯ ರೂಪ, ಸರಯೂ ಎಂಬ ಹೆಸರು. "ದೇವರು ಹೆಂಗಸಾ?" ಎಂದು ಸಿಟ್ಟಾದವರು ಬಹಳ. ನನಗೆ ಅದು ದೊಡ್ಡ ತಕರಾರೆನಿಸಲಿಲ್ಲ. ತಾಯಿ ಮಗನನ್ನು ಸಂತೈಸುವ ಹಾಗೆ ನಿಮ್ಮನ್ನು ಸಂತೈಸುತ್ತೇನೆ ಎಂದು ಬೈಬಲಿನ ಯೆಶಾಯ 66ರಲ್ಲಿ ದೇವರೇ ಹೇಳುತ್ತಾರೆ. ಲೂಕ 15ರಲ್ಲಿ ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವವಳೂ ಹೆಂಗಸೇ. ಹೋಲಿಕೆ ಒಂದು ಸಾಲಿಗೆ ಮುಗಿಯುತ್ತದೆ, ಪಾತ್ರ ಪುಟಗಟ್ಟಲೆ ಓಡಾಡುತ್ತದೆ ಎನ್ನುವವರ ಮಾತಿಗೂ ತೂಕವಿದೆ, ನಿಜ.

ನಾನು ತಡೆದು ನಿಂತದ್ದು ಆ ಹೆಂಗಸಿನ ಮಣಿಕಟ್ಟಿನ ಗಾಯದ ಗುರುತಿನ ಹತ್ತಿರ. ಮೊಳೆಯ ಗುರುತು ಶಿಲುಬೆಗೇರಿದ ಮಗ ಯೇಸುವಿನದು. ತಂದೆಯೇ ಶಿಲುಬೆಯಲ್ಲಿ ನೊಂದ ಎಂಬ ಬೋಧನೆಯನ್ನು ಆದಿಸಭೆಯ ದೈವಶಾಸ್ತ್ರಜ್ಞ ತೆರ್ತುಲ್ಲಿಯನ್ 3ನೇ ಶತಮಾನದ ಆರಂಭದಲ್ಲೇ ಖಂಡಿಸಿದ್ದ. ಮಗ ನೋಯುವಾಗ ತಂದೆ ದೂರ ನಿಂತಿರಲಿಲ್ಲ ಎಂದು ಲೇಖಕರು ಹೇಳಹೊರಟಿದ್ದಾರೆ. ಅದನ್ನು ನಾನೂ ನಂಬುತ್ತೇನೆ. ಆದರೆ ಕಥೆ ಮುಗಿದ ಮೇಲೆ ಓದುಗರ ಕಣ್ಣಲ್ಲಿ ಉಳಿಯುವುದು ಗಾಯ. ತಂದೆ ಯಾರು, ಮಗ ಯಾರು ಎಂಬ ಗೆರೆ ಅಲ್ಲೇ ಮಸುಕಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಕ್ರಿಯಾಪದದಲ್ಲೇ ಇಕ್ಕಟ್ಟು. ನಮ್ಮ ಹಳೆಯ ಕನ್ನಡ ಬೈಬಲಾದ ಸತ್ಯವೇದದಲ್ಲಿ "ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು." ಮನೆಮಾತಿನಲ್ಲಿ ಮಾತ್ರ "ದೇವರು ಕೊಟ್ಟರು, ದೇವರು ಕಾಪಾಡಿದರು." 'ರು' ಹಾಕಿದರೆ ಗಂಡು ಹೆಣ್ಣಿನ ಪ್ರಶ್ನೆ ಏಳುವುದೇ ಇಲ್ಲ. ಆದರೆ "ಅವರು ಬಂದು ಕೂತರು" ಎಂದು ಬರೆದಿರೋ, ಬಂದವರು ಒಬ್ಬರೋ ಮೂವರೋ? ತ್ರಯೈಕ್ಯವನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬರೇ ದೇವರು ಎಂಬುದನ್ನು, ಕಥೆಗೆ ತರುವವರು ಈ ಒಂದಕ್ಷರದ ಮೇಲೆ ಒಂದು ಸಂಜೆ ಕೂತು ಯೋಚಿಸಿದರೂ ನಷ್ಟವಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ದೇವರ ಮಾತುಗಾರಿಕೆ. ನರ್ಸೊಬ್ಬರ ಹಸ್ತಪ್ರತಿಯನ್ನು ಲಿಂಗರಾಜಪುರದ ಮನೆಯೊಂದರಲ್ಲಿ, ಬುಧವಾರದ ಓದಿನಲ್ಲಿ ಓದಿಸಿದೆ. ಡೆಂಗಿಯಲ್ಲಿ ಮಗು ತೀರಿಕೊಂಡಿದೆ. ತಾಯಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ಅಜ್ಜಿಯ ರೂಪದಲ್ಲಿ ದೇವರು ಬಂದು ಪಕ್ಕದಲ್ಲಿ ಕೂತು, ಮಗುವನ್ನು ಕರೆದುಕೊಂಡದ್ದೇಕೆ ಎಂದು ನಾಲ್ಕು ಪುಟ ವಿವರಿಸುತ್ತಾರೆ. ವಾಕ್ಯಗಳೆಲ್ಲ ಚೆನ್ನಾಗಿದ್ದವು, ದುರ್ಬೋಧನೆ ಒಂದೂ ಇರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಅಲ್ಲಿದ್ದರು. ಹಾಳೆಗಳನ್ನು ಮಡಿಸಿ ಪಕ್ಕಕ್ಕಿಟ್ಟು, "ಇಷ್ಟು ಮಾತಾಡೋರು ದೇವರಲ್ಲ ಅಯ್ಯನೋರೆ, ಸಾವಿನ ಮನೆಗೆ ಬರೋ ನೆಂಟರು" ಎಂದರು.

ಮಕ್ಕಳನ್ನು ಕಳೆದುಕೊಂಡ ನೀತಿವಂತನ ಕಥೆಯಾದ ಬೈಬಲಿನ ಯೋಬನ ಗ್ರಂಥ ಆ ತಾಯಿಯ ಕಡೆಗಿದೆ. 38ನೇ ಅಧ್ಯಾಯದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾರೆ. ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂದು ಕೇಳುತ್ತಾರೆ. ಯೋಬನ ಮಕ್ಕಳು ಸತ್ತದ್ದೇಕೆಂದು ಮಾತ್ರ ಕೊನೆಯವರೆಗೂ ಅವನಿಗೆ ಹೇಳುವುದಿಲ್ಲ. ಕಾರಣ ವಿವರಿಸಿದವರು ಅವನ ಸ್ನೇಹಿತರು, ದೇವರು ಕೋಪಿಸಿಕೊಂಡದ್ದೂ ಅವರ ಮೇಲೆ. 1880ರಲ್ಲಿ ಮುಗಿದ ತನ್ನ ಕೊನೆಯ ಕಾದಂಬರಿ 'ದಿ ಬ್ರದರ್ಸ್ ಕರಮಜೋವ್'ನಲ್ಲಿ ರಷ್ಯದ ಲೇಖಕ ದೊಸ್ತೊಯೆವ್‌ಸ್ಕಿ ಇದನ್ನು ಕಂಡುಕೊಂಡಿದ್ದ. ಅದರೊಳಗಿನ ಒಂದು ಕಥೆಯಲ್ಲಿ, ಧರ್ಮದ್ರೋಹಿಗಳನ್ನು ವಿಚಾರಿಸಿ ಶಿಕ್ಷಿಸುವ ಮುದಿ ಮಹಾವಿಚಾರಕ, ಮತ್ತೆ ಭೂಮಿಗೆ ಬಂದ ಕ್ರಿಸ್ತನ ಮೇಲೆ ಸೆರೆಮನೆಯಲ್ಲಿ ಆಪಾದನೆಗಳ ಮಳೆಗರೆಯುತ್ತಾನೆ. ಕ್ರಿಸ್ತ ಅವನಿಗೆ ಒಂದು ಮಾತೂ ಹೇಳದೆ, ಮುದುಕನ ತುಟಿಗೆ ಮುತ್ತಿಡುತ್ತಾನೆ. ದೇವರನ್ನು ಪಾತ್ರವಾಗಿಸಬೇಕೆನ್ನುವವರಿಗೆ ಆ ಪುಟಗಳನ್ನೇ ಮೊದಲು ಓದಲು ಕೊಡುತ್ತೇನೆ.

ನರ್ಸಮ್ಮ ತಿದ್ದಿದ ಪ್ರತಿ ತಂದಾಗ ಆ ನಾಲ್ಕು ಪುಟ ಇರಲಿಲ್ಲ. ಅಜ್ಜಿ ಬಂದು, ಮೊರವನ್ನು ತನ್ನ ಕಡೆಗೂ ಸ್ವಲ್ಪ ಎಳೆದುಕೊಂಡು ಕಲ್ಲು ಆರಿಸುತ್ತಾಳೆ, ಅಷ್ಟೇ. ಅವರಿಗೆ ಉಳಿದದ್ದು ಒಂದೇ ಅನುಮಾನ: "'ಕೂತಳು' ಅಂತ ಬರೀಲಾ, 'ಕೂತರು' ಅಂತಲಾ?"

ಇಲ್ಲಿ ಬಂದಿರೋದು ಒಬ್ಬರೇ ತಾನೇ, 'ಕೂತರು' ಅಂತಲೇ ಇರಲಮ್ಮ ಎಂದೆ.