ಪಾರ್ಕಿಗೆ ಬಾರದವರ ಲೆಕ್ಕ

ಒಂದು ಪಾರ್ಕನ್ನೋ ಬೀದಿಯನ್ನೋ ಸರಿಮಾಡಿಕೊಡಿ ಅಂತ ನಮ್ಮ ಆಫೀಸಿಗೆ ಕೆಲಸ ಬಂದರೆ ಮೊದಲ ವಾರ ಯಾರೂ ಡ್ರಾಯಿಂಗ್ ಮಾಡುವುದಿಲ್ಲ. ಜಾಗದ ನಕ್ಷೆಯ ಜೆರಾಕ್ಸ್ ಹಿಡಿದುಕೊಂಡು ಹೋಗಿ ಒಂದು ಮೂಲೆಯಲ್ಲಿ ಕೂರುತ್ತೇವೆ. ಗಂಟೆಗೊಂದು ಹಾಳೆ. ಗಂಡಸರಿಗೆ ನೀಲಿ ಗುರುತು, ಹೆಂಗಸರಿಗೆ ಕೆಂಪು. ಮಕ್ಕಳಾದರೆ ಚುಕ್ಕೆ, ವಯಸ್ಸಾದವರಾದರೆ ಅಡ್ಡಗೆರೆ. ಕೂತಿದ್ದರೆ ಸುತ್ತ ಒಂದು ಸೊನ್ನೆ, ನಡೆದು ಹೋಗುತ್ತಿದ್ದರೆ ಬಾಣ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಹೀಗೆ ಗುರುತು ಹಾಕಿ, ಹಾಳೆಗಳನ್ನು ಸಾಲಾಗಿ ಹರಡಿದರೆ ಆ ಜಾಗದ ಜಾತಕ ಅರ್ಧ ಗೊತ್ತಾಗುತ್ತದೆ.

ಹಾಳೆಯ ಮೇಲೆ ಇರುವ ಗುರುತುಗಳಿಗಿಂತ ಇಲ್ಲದ ಗುರುತುಗಳೇ ನಮಗೆ ಮುಖ್ಯ. ಬೆಂಗಳೂರಿನ ಒಂದು ಬಡಾವಣೆಯ ಪಾರ್ಕಿನಲ್ಲಿ ಹೀಗೆ ಕೂತಾಗ ಕಂಡದ್ದು ಇಷ್ಟು. ಬೆಳಿಗ್ಗೆ ಒಳ್ಳೆ ಜನ. ವಾಕಿಂಗ್‌ನವರು, ಯೋಗದವರು, ನಗೆಕೂಟದವರು. ಹತ್ತು ಗಂಟೆಗೆ ಗೇಟಿಗೆ ಬೀಗ. ಹನ್ನೊಂದೂವರೆಗೆ ಅದೇ ಗೇಟಿನ ಹೊರಗೆ ಚರಂಡಿಯ ಚಪ್ಪಡಿ ಮೇಲೆ ನಾಲ್ಕೈದು ಜನ ಮನೆಗೆಲಸದ ಹೆಂಗಸರು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಒಳಗೆ ಹೊಂಗೆ ಮರದ ತಂಪಾದ ನೆರಳು, ಎಂಟು ಬೆಂಚು, ಒಂದು ನರಪಿಳ್ಳೆಯೂ ಇಲ್ಲ. "ಒಳಗೆ ಬಿಡಲ್ವಾ?" ಅಂತ ಕೇಳಿದೆ. "ಅದು ವಾಕಿಂಗ್ ಮಾಡೋರಿಗೆ ಅಲ್ವಾ ಮೇಡಂ" ಅಂದರು ಒಬ್ಬರು. ಅವರಿಗೆ ಬೇಸರವೂ ಇರಲಿಲ್ಲ. ಅದು ತಮ್ಮದಲ್ಲ ಅನ್ನೋದು ಅವರ ಮಟ್ಟಿಗೆ ಇತ್ಯರ್ಥವಾಗಿ ಹೋಗಿತ್ತು.

ನಮ್ಮ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿರುವ ಪ್ಲೇಸ್‌ಮೇಕಿಂಗ್ ಅನ್ನುವ ಮಾತು ಈಗ ಸ್ಮಾರ್ಟ್ ಸಿಟಿ ವರದಿಗಳಲ್ಲಿ, ಬಿಲ್ಡರ್‌ಗಳ ಜಾಹೀರಾತಿನಲ್ಲಿ ಜಾಸ್ತಿ ಕಾಣುತ್ತದೆ. ಗೋಡೆಗೆ ಬಣ್ಣ, ಫೌಂಟನ್, ಊರಿನ ಹೆಸರಿನ ದೊಡ್ಡ ಅಕ್ಷರ, ಸೆಲ್ಫಿ ಪಾಯಿಂಟ್. ಇವು ಇರಬಾರದು ಅಂತಲ್ಲ. ಆದರೆ ಈ ಕೆಲಸದ ಅಸಲು ಬೇರೆಯೇ ಇದೆ. ಎಲ್ಲರಿಗೂ ಸೇರಿದ ಒಂದು ಜಾಗದಲ್ಲಿ ಜನ ಬಂದು, ದುಡ್ಡು ಕೊಡದೆ, ಯಾರನ್ನೂ ಕೇಳದೆ, ಹೆದರದೆ ಒಂದಷ್ಟು ಹೊತ್ತು ಇರುವ ಹಾಗೆ ಮಾಡುವುದು. ಅದಕ್ಕೆ ಬೇಕಾದ್ದನ್ನು ಆ ಜನರನ್ನೇ ಕೇಳಿ, ಅವರು ಅಲ್ಲಿ ಹೇಗಿರುತ್ತಾರೆ ಅಂತ ನೋಡಿ ತೀರ್ಮಾನಿಸುವುದು. ಮೇಲಿನ ಪಾರ್ಕಿಗೆ ಬೇಕಿದ್ದ ಮೊದಲ ವಿನ್ಯಾಸ ಬೀಗ ತೆಗೆಯುವುದು. ಅದಕ್ಕೆ ಟೆಂಡರ್ ಕರೆಯಬೇಕಿಲ್ಲ. ಬೆಂಗಳೂರಿನ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೂ ತೆರೆದಿಡಬೇಕು ಅಂತ 2024ರಲ್ಲಿ ತೀರ್ಮಾನವಾಯಿತು. ನನ್ನ ಪ್ರಕಾರ ಕೋಟಿಗಟ್ಟಲೆ ಖರ್ಚಿನ ಎಷ್ಟೋ ಯೋಜನೆಗಳಿಗಿಂತ ಇದು ದೊಡ್ಡದು. ನಿಮ್ಮ ಬೀದಿಯ ಪಾರ್ಕು ಮಧ್ಯಾಹ್ನ ಎರಡು ಗಂಟೆಗೆ ತೆರೆದಿರುತ್ತದಾ ಅಂತ ಒಮ್ಮೆ ಹೋಗಿ ನೋಡಿ.

ಬಾರದವರ ಲೆಕ್ಕ ಹಿಡಿದು ಕೆಲಸ ಮಾಡಿದ ಊರು ಅಂದರೆ ಆಸ್ಟ್ರಿಯಾದ ವಿಯೆನ್ನಾ. 1990ರ ದಶಕದಲ್ಲಿ ಅಲ್ಲಿನ ನಗರಾಡಳಿತದವರು ಪಾರ್ಕುಗಳಲ್ಲಿ ಮಕ್ಕಳನ್ನು ಗಮನಿಸಿದರು. ಒಂಬತ್ತು ವರ್ಷ ದಾಟಿದ ಮೇಲೆ ಹುಡುಗಿಯರ ಸಂಖ್ಯೆ ಸರ್ರನೆ ಇಳಿಯುತ್ತಿತ್ತು. ಹುಡುಗರ ಸಂಖ್ಯೆ ಹಾಗೆ ಇಳಿಯುತ್ತಿರಲಿಲ್ಲ. ಯಾಕೆ ಅಂತ ನೋಡಿದರೆ, ಪಾರ್ಕಿನ ಮಧ್ಯೆ ದೊಡ್ಡದೊಂದು ಬಯಲು, ಜಾಲರಿ ಕಟ್ಟಿದ ಒಂದು ಆಟದ ಅಂಕಣ. ಯಾರು ಗಟ್ಟಿಯೋ ಅವರದ್ದೇ ಜಾಗ. ಹುಡುಗಿಯರು ಅದಕ್ಕಾಗಿ ಜಗಳಕ್ಕೆ ನಿಲ್ಲದೆ ಸುಮ್ನೆ ಮನೆಗೆ ಹೋಗುತ್ತಿದ್ದರು. 1999ರಲ್ಲಿ ಮಾರ್ಗರೆಟೆನ್ ಎನ್ನುವ ಭಾಗದ ಎರಡು ಪಾರ್ಕುಗಳನ್ನು ಬದಲಿಸಿದರು. ಕಾಲುದಾರಿ ಹೆಚ್ಚಿಸಿದರು. ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಜಾಗ ಮಾಡಿದರು. ದೊಡ್ಡ ಬಯಲನ್ನು ಗಿಡಗಳಿಂದ ಸಣ್ಣಸಣ್ಣ ಭಾಗ ಮಾಡಿದರು. ಒಂದು ಗುಂಪು ಇಡೀ ಪಾರ್ಕನ್ನು ಹಿಡಿದುಕೊಳ್ಳುವುದು ಅಲ್ಲಿಗೆ ನಿಂತಿತು. ಹುಡುಗಿಯರು ವಾಪಸ್ ಬಂದರು, ಹುಡುಗರನ್ನು ಯಾರೂ ಓಡಿಸಲಿಲ್ಲ.

ನಮ್ಮಲ್ಲಿ ಇದೇ ಕಥೆ ಕ್ರಿಕೆಟ್ಟಿನದು. ಸಣ್ಣ ಮೈದಾನ, ಮಧ್ಯೆ ಮೂರು ಸ್ಟಂಪ್ ನೆಟ್ಟರೆ ಮುಗೀತು. ಉಳಿದವರೆಲ್ಲ ಬೌಂಡರಿ ಗೆರೆಯಾಚೆ. ಕ್ರಿಕೆಟ್ ಬೇಡ ಅಂತ ಬೋರ್ಡ್ ಹಾಕುವುದು ಸುಲಭದ ದಾರಿ, ನನಗೆ ಅದು ಒಪ್ಪಿಗೆಯಿಲ್ಲ. ಹದಿನಾಲ್ಕು ವರ್ಷದ ಹುಡುಗ ಆಡಲು ಮತ್ತೆಲ್ಲಿಗೆ ಹೋಗಬೇಕು? ಪಿಚ್ಚನ್ನು ಒಂದು ಬದಿಗೆ ಸರಿಸಿ, ಮಧ್ಯೆ ಮರಗಳ ಸಾಲು ತಂದರೆ ಇಬ್ಬರಿಗೂ ಜಾಗ ಸಿಗುತ್ತದೆ.

ನ್ಯೂಯಾರ್ಕಿನ ಬ್ರಯಂಟ್ ಪಾರ್ಕಿನ ವಿಷಯವನ್ನೂ ಇಲ್ಲಿ ಹೇಳಬೇಕು. ಮ್ಯಾನ್‌ಹಟನ್ನಿನ ನಟ್ಟನಡುವೆ, ದೊಡ್ಡ ಲೈಬ್ರರಿಯ ಹಿಂದೆ ಇರುವ ಜಾಗ. 1970ರ ದಶಕದಲ್ಲಿ ಅದು ಡ್ರಗ್ಸ್ ಮಾರುವವರ ಅಡ್ಡೆ. ಪೊಲೀಸರನ್ನು ಜಾಸ್ತಿ ಹಾಕಿ ಅನ್ನುವುದು ಎಲ್ಲ ಊರಿನಲ್ಲೂ ಬರುವ ಸಲಹೆ. ವಿಲಿಯಂ ವೈಟ್ ಎಂಬ ಸಂಶೋಧಕರು ಕೂತು ನೋಡಿ ಬೇರೆಯದನ್ನೇ ಹೇಳಿದರು. ಪಾರ್ಕು ರಸ್ತೆಗಿಂತ ಎತ್ತರದಲ್ಲಿದೆ, ಬೇಲಿಗಿಡ ಮತ್ತು ಕಂಬಿಯ ಬೇಲಿಯಿಂದ ಒಳಗೇನಾಗುತ್ತಿದೆ ಅಂತ ಹೊರಗಿನವರಿಗೆ ಕಾಣುವುದಿಲ್ಲ, ಹೊರಗೆ ಬರುವ ದಾರಿಗಳೂ ಕಡಿಮೆ. 1992ರಲ್ಲಿ ಅದು ಮತ್ತೆ ತೆರೆದಾಗ ಬೇಲಿಗಿಡಗಳಿರಲಿಲ್ಲ, ಪ್ರವೇಶಗಳು ಅಗಲವಾಗಿದ್ದವು, ಮತ್ತು ಎತ್ತಿ ಬೇಕಾದಲ್ಲಿ ಹಾಕಿಕೊಳ್ಳುವ ಕುರ್ಚಿಗಳಿದ್ದವು. ನೆಲಕ್ಕೆ ಬಿಗಿಯದ, ಸರಪಳಿ ಹಾಕದ ಕುರ್ಚಿ! ಕದ್ದೊಯ್ಯುತ್ತಾರೆ ಅಂತ ಆಗಲೂ ಅಂದವರಿದ್ದರು. ಜಾಗ ಚೆನ್ನಾಗಿ ನಡೆಯುತ್ತಿದೆಯಾ ಅಂತ ತಿಳಿಯಲು ವೈಟ್ ಹೇಳಿದ ಅಳತೆ ಸರಳ. ಅಲ್ಲಿ ಹೆಂಗಸರು ಎಷ್ಟು ಜನ ಕೂತಿದ್ದಾರೆ ಎಣಿಸಿ. ಎಲ್ಲಿ ಕೂರಬೇಕು ಅನ್ನುವುದರಲ್ಲಿ ಹೆಂಗಸರು ಹೆಚ್ಚು ಹುಷಾರು. ಅವರು ಕಡಿಮೆಯಾದರೆ ಏನೋ ಸರಿಯಿಲ್ಲ ಅಂತಲೇ ಅರ್ಥ.

ಸಣ್ಣ ವಿವರಗಳಿಗೆ ಬರೋಣ. ನಮ್ಮ ಕೆಲಸದಲ್ಲಿ ಸೋಲು ಗೆಲುವು ಇರುವುದು ಅಲ್ಲೇ. ಪಾರ್ಕಿನ ಬಾಗಿಲಲ್ಲಿ ಬೈಕು ನುಗ್ಗದಿರಲಿ ಅಂತ ಹಾಕುವ ಸುತ್ತುಗೇಟು ನೋಡಿರುತ್ತೀರಿ. ಅದು ಗಾಲಿಕುರ್ಚಿಯನ್ನೂ ತಡೆಯುತ್ತದೆ, ಮಗುವಿನ ತಳ್ಳುಗಾಡಿಯನ್ನೂ ತಡೆಯುತ್ತದೆ. ಬೈಕಿನವನು ಹೇಗೋ ಓರೆ ಮಾಡಿ ನುಗ್ಗಿಸುತ್ತಾನೆ, ಅದು ಬೇರೆ ಮಾತು. ಬೆಂಚು ಅಂದರೆ ನಮ್ಮಲ್ಲಿ ಗ್ರಾನೈಟ್ ಚಪ್ಪಡಿ. ಬಿಸಿಲಿಗೆ ಕಾದರೆ ಮೂರು ಗಂಟೆಗೆ ಅದರ ಮೇಲೆ ಕೂರಲಾಗದು. ಒರಗಲು ಬೆನ್ನಿಲ್ಲ, ಕೈ ಊರಿ ಏಳಲು ಹಿಡಿಕೆಯಿಲ್ಲ. ಮಂಡಿನೋವಿರುವ ಅಜ್ಜಿ ಒಮ್ಮೆ ಕೂತು ಏಳಲು ಒದ್ದಾಡಿದರೆ ಮರುದಿನ ಬರುವುದಿಲ್ಲ. ದೀಪದ ಕಂಬ ಮರಕ್ಕಿಂತ ಎತ್ತರ ಇದ್ದರೆ ಬೆಳಕೆಲ್ಲ ಎಲೆಗಳ ಮೇಲೆ, ಕೆಳಗೆ ಕತ್ತಲು. ಮೂರೂವರೆ ನಾಲ್ಕು ಮೀಟರಿನ ಕಂಬ ಸಾಕು, ಎದುರಿಗೆ ಬರುವವರ ಮುಖ ಕಾಣುತ್ತದೆ. ಫುಟ್‌ಪಾತಿನ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು ಅಂತ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ. ಒಂದಡಿ ಎತ್ತರದ ಫುಟ್‌ಪಾತು ಹತ್ತಿ ಇಳಿಯುವ ಬದಲು ಜನ ರಸ್ತೆಯಲ್ಲೇ ನಡೆಯುತ್ತಾರೆ. ಆಮೇಲೆ ನಮ್ಮ ಜನಕ್ಕೆ ಶಿಸ್ತಿಲ್ಲ ಅಂತ ಬೈಗುಳ.

ಇನ್ನು ಶೌಚಾಲಯ. ಅದು ಇಲ್ಲದಿದ್ದರೆ ಹೆಂಗಸರು, ಮಕ್ಕಳು, ಸಕ್ಕರೆ ಕಾಯಿಲೆಯವರು ಮನೆಯಿಂದ ಹೊರಡುವಾಗಲೇ ಲೆಕ್ಕ ಹಾಕುತ್ತಾರೆ. ಅರ್ಧ ಗಂಟೆಗಿಂತ ಜಾಸ್ತಿ ಇರುವ ಹಾಗಿಲ್ಲ. ಯಾವ ಫೌಂಟನ್ನೂ ಆ ಲೆಕ್ಕವನ್ನು ಬದಲಿಸುವುದಿಲ್ಲ.

ಈ ಮಾತು ಆಡುವಾಗ ಸಭೆಗಳಲ್ಲಿ ಯಾರಾದರೂ ಒಬ್ಬರು ಎದ್ದು, "ನಮಗೆ ಇದೆಲ್ಲ ಹೊಸದಲ್ಲ, ಅರಳಿಕಟ್ಟೆ ಇರಲಿಲ್ವಾ?" ಅನ್ನುತ್ತಾರೆ. ಇತ್ತು. ನೆರಳು, ಕೂರುವಷ್ಟು ಎತ್ತರದ ಕಲ್ಲು, ನಾಲ್ಕು ದಾರಿ ಕೂಡುವ ಜಾಗ. ವಿನ್ಯಾಸವಾಗಿ ಅದಕ್ಕೆ ನೂರಕ್ಕೆ ನೂರು ಕೊಡುತ್ತೇನೆ. ಆದರೆ ಆ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು? ಮೇಲು ಜಾತಿಯ ಗಂಡಸರು. ಹೆಂಗಸರು ಪೂಜೆಗೆ ಬಂದು ಸುತ್ತು ಹಾಕಿ ಹೋಗುತ್ತಿದ್ದರು. ದಲಿತರು ಕಟ್ಟೆಯ ಕಡೆ ಸುಳಿಯುವಂತಿರಲಿಲ್ಲ. ಸುಂದರ ಜಾಗವೊಂದು ಇದ್ದ ಮಾತ್ರಕ್ಕೆ ಅದು ಎಲ್ಲರದ್ದಾಗುವುದಿಲ್ಲ. ನಿಯಮ ಬರೆದ ಮಾತ್ರಕ್ಕೂ ಆಗುವುದಿಲ್ಲ. ಮಹಾರಾಷ್ಟ್ರದ ಮಹಾಡಿನ ಚವದಾರ ಕೆರೆ ನೆನಪು ಮಾಡಿಕೊಳ್ಳಿ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಅಂತ ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡಿನ ಪುರಸಭೆಯೂ ಒಪ್ಪಿತ್ತು. ಹಾಗಿದ್ದರೂ ದಲಿತರು ಆ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ನೀರು ಕುಡಿದರು. ಆಮೇಲೆ ಅವರ ಜನರ ಮೇಲೆ ಹಲ್ಲೆಯೂ ಆಯಿತು. "ಸಾರ್ವಜನಿಕರಿಗೆ ಪ್ರವೇಶ" ಅನ್ನುವ ಬೋರ್ಡ್ ಓದಿದಾಗಲೆಲ್ಲ ನನಗೆ ಈ ನಾಲ್ಕು ವರ್ಷದ ಅಂತರ ನೆನಪಾಗುತ್ತದೆ.

ಕೆರೆ ಅಂದಾಗ ನಮ್ಮ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಮಾತು. ಸುಮಾರು 48 ಎಕರೆ. ಕೊಳಚೆ ತುಂಬಿ ಒಣಗುತ್ತಿದ್ದ ಕೆರೆಯನ್ನು ಸುತ್ತಲಿನ ನಿವಾಸಿಗಳು ಪಾಲಿಕೆಯ ಜೊತೆ ಕೂತು 2009ರಿಂದೀಚೆಗೆ ಸರಿಮಾಡಿಸಿದರು. ನೋಡಿಕೊಳ್ಳಲು ಒಂದು ಟ್ರಸ್ಟ್ ಮಾಡಿಕೊಂಡರು. ಹೂಳು ತೆಗೆದದ್ದು, ವಾಕಿಂಗ್ ದಾರಿ ಮಾಡಿದ್ದು ಬೇರೆ ಕೆರೆಗಳಲ್ಲೂ ಆಗಿದೆ. ಇಲ್ಲಿ ನನಗೆ ಇಷ್ಟವಾದದ್ದು, ಹಸು ಸಾಕುವವರು ಬಂದು ಹುಲ್ಲು ಕೊಯ್ದುಕೊಂಡು ಹೋಗಲು ಅವಕಾಶ ಇಟ್ಟದ್ದು. ಗಣೇಶನನ್ನು ಬಿಡಲು ಬೇರೆಯೇ ಒಂದು ಕಲ್ಯಾಣಿ ಮಾಡಿದ್ದು. ಪಕ್ಕದಲ್ಲೇ ಶಾಲೆ ಇದೆ, ದಡದಲ್ಲಿ ಮಕ್ಕಳು ಕೂರಲು, ನಾಟಕ ಆಡಲು ಮೆಟ್ಟಿಲಿನ ಬಯಲು ರಂಗವಿದೆ. ಅಪಾರ್ಟ್‌ಮೆಂಟಿನ ಸಾಫ್ಟ್‌ವೇರ್ ಎಂಜಿನಿಯರ್ ಮತ್ತು ಕುಡುಗೋಲು ಹಿಡಿದು ಬರುವ ಹಳ್ಳಿಯ ಹೆಂಗಸು ಒಂದೇ ಏರಿಯ ಮೇಲೆ ನಡೆಯುತ್ತಾರೆ. ಎಷ್ಟೋ ಕೆರೆಗಳಿಗೆ ಬೇಲಿ ಬಿದ್ದ ದಿನವೇ ದನ ಕಾಯುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು ಹೊರಗಾಗಿದ್ದಾರೆ. ಕೆರೆ ಉಳಿಯಿತು ಅಂತ ನಾವು ಫೋಟೋ ಹಾಕುತ್ತೇವೆ.

ಆರೋಗ್ಯದ ಬಗ್ಗೆ ಉದ್ದ ಬರೆಯುವುದಿಲ್ಲ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಜಿಮ್ಮಿನಿಂದ ಬರುವುದು ಕೆಲವರಿಗೆ ಮಾತ್ರ. ಮಿಕ್ಕವರಿಗೆ ಹಾಲಿಗೆ, ತರಕಾರಿಗೆ, ಬಸ್ ಸ್ಟಾಪಿಗೆ ನಡೆದೇ ಬರಬೇಕು. ಅದಕ್ಕೇ ನಾವು ಎರಡು ಬೆಂಚಿನ ನಡುವೆ 50 ಮೀಟರಿಗಿಂತ ಜಾಸ್ತಿ ಬಿಡುವುದಿಲ್ಲ. ದಾರಿಯಲ್ಲಿ ಕೂರಲು ಜಾಗ ಇದೆ ಅಂತ ಗೊತ್ತಿದ್ದರೆ ದಮ್ಮು ಇರುವವರೂ ಹೊರಡುತ್ತಾರೆ. ಬಂದವರು ಮಾತಾಡುತ್ತಾರೆ. ಒಂಟಿಯಾಗಿರುವ ವಯಸ್ಸಾದವರಿಗೆ ಆ ಮಾತೇ ಅರ್ಧ ಔಷಧಿ.

ದುಡ್ಡಿನ ವಿಷಯ ಹೆಚ್ಚು ತೊಡಕಿನದು. ಜನ ಬಂದು ನಿಲ್ಲುವ ಕಡೆ ವ್ಯಾಪಾರ ಆಗುತ್ತದೆ, ಸಂತೆ ಕಂಡವರಿಗೆ ಇದನ್ನು ಹೇಳಬೇಕಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆ ನೋಡಿ. ಕಾರ್ತಿಕದ ಕೊನೆಯ ಸೋಮವಾರ ಬಂತೆಂದರೆ ವಾಹನಗಳ ರಸ್ತೆ ಜನರ ರಸ್ತೆಯಾಗುತ್ತದೆ, ಯಾವ ಆರ್ಕಿಟೆಕ್ಟೂ ಬೇಕಿಲ್ಲ. ಚರ್ಚ್ ಸ್ಟ್ರೀಟಿಗೆ 2018ರಲ್ಲಿ ಕಲ್ಲು ಹಾಸಿ ಹೊಸ ರೂಪ ಕೊಟ್ಟರು. 2020ರ ನವೆಂಬರಿನಿಂದ ಕೆಲ ತಿಂಗಳು ಶನಿವಾರ ಭಾನುವಾರ ವಾಹನ ನಿಲ್ಲಿಸಿ ನಡೆಯುವವರಿಗೇ ಬಿಟ್ಟರು. ಬೀದಿಯ ಮಧ್ಯೆ ನಡೆಯುವ ಖುಷಿಯೇ ಬೇರೆ, ಒಪ್ಪುತ್ತೇನೆ. ಆದರೆ ಅಲ್ಲಿ ಕಾಫಿ ಕೊಳ್ಳದೆ ಕೂರಲು ಎಷ್ಟು ಜಾಗ ಇದೆ ಅಂತಲೂ ಎಣಿಸಿ ನೋಡಿ.

ನಮ್ಮ ಊರುಗಳಲ್ಲಿ ಬೀದಿ ಚೆಂದ ಮಾಡುವ ಕೆಲಸ ಶುರುವಾಗುವುದೇ ತಳ್ಳುಗಾಡಿ ಎತ್ತಿಸುವುದರಿಂದ. ಇದು ವೃತ್ತಿಯ ದೃಷ್ಟಿಯಿಂದಲೂ ದಡ್ಡತನ. ರಾತ್ರಿ ಎಂಟೂವರೆಗೆ ಬಸ್ ಇಳಿದು ಬರುವ ಹುಡುಗಿಗೆ ಆ ತಿರುವಿನಲ್ಲಿ ಧೈರ್ಯ ಕೊಡುವುದು ಎಳನೀರಿನವರು, ಹೂವಿನವರು, ಜೋಳ ಸುಡುವವರು. ಅವರು ದಿನಾ ಅಲ್ಲೇ ಇರುತ್ತಾರೆ, ಎಲ್ಲರ ಮುಖ ಗೊತ್ತು. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಬೀದಿಯ ನಕ್ಷೆ ಆ ಸಮಿತಿಯ ಮುಂದೆ ಬಂದರೆ ಗಾಡಿಗೆ ಜಾಗ, ನೀರಿನ ನಲ್ಲಿ, ಕಸದ ಬುಟ್ಟಿ ಎಲ್ಲ ಶುರುವಿನಲ್ಲೇ ಸೇರುತ್ತದೆ. ಕೆಲಸ ಮುಗಿದ ಮೇಲೆ ಬಂದರೆ ಅದು ಬರೀ ಎತ್ತಂಗಡಿ ಜಗಳ.

ಬಾಡಿಗೆ ಏರುವುದನ್ನು ಮಾತ್ರ ನಮ್ಮ ನಕ್ಷೆಗಳು ತಡೆಯಲಾರವು. ಬೀದಿ ಚೆನ್ನಾದರೆ ಹಳೆಯ ಟೈಲರ್ ಅಂಗಡಿ, ಸೈಕಲ್ ರಿಪೇರಿ ಅಂಗಡಿ ಎರಡು ಮೂರು ವರ್ಷದಲ್ಲಿ ಖಾಲಿ ಮಾಡುವುದನ್ನು ಕಂಡಿದ್ದೇನೆ. ಅದಕ್ಕೇ ಈಗ ಒಂದು ಬೀದಿಗೆ ಸುರಿಯುವ ಹಣವನ್ನು ಹತ್ತು ಬೀದಿಗೆ ಹಂಚಿ ಅಂತ ವಾದ ಮಾಡುತ್ತೇನೆ. ಎಲ್ಲ ವಾರ್ಡಿನಲ್ಲೂ ನೆರಳಿನ ಬೆಂಚು ಇದ್ದರೆ ಬೆಂಚಿಗಾಗಿ ಯಾರೂ ಜಾಸ್ತಿ ಬಾಡಿಗೆ ಕೊಡಬೇಕಿಲ್ಲ. ಗ್ರಾನೈಟಿನ ಹಣದಲ್ಲಿ ಒಂದು ಪಾಲು ನಿರ್ವಹಣೆಗೆ ಇಡಿ ಅಂತಲೂ ಕೇಳುತ್ತೇನೆ. ಎಸ್ಟಿಮೇಟಿನಲ್ಲಿ ಅದೇ ಮೊದಲು ಕಡಿತವಾಗುವ ಸಾಲು. ಗುಡಿಸುವವರ ಸಂಬಳ, ಶೌಚಾಲಯಕ್ಕೆ ನೀರು, ಹೋದ ಬಲ್ಬು ಬದಲಿಸುವುದು. ಕಳೆದ ಬಾರಿ ಆ ಸಾಲನ್ನು ಉಳಿಸಿಕೊಳ್ಳಲು ಒಂದು ಕಮಾನು ಬಿಟ್ಟುಕೊಟ್ಟೆವು. ಕಮಾನು ಎಲ್ಲಿ ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ.